ಏವ್‌ಬರಿಗೆ ಹೋಗುವವರಿಗೆ: ಕಲ್ಲುಗಳ ನಡುವಿನ ರೆಡ್ ಲಯನ್ ಪಬ್

ಇಂಗ್ಲೆಂಡಿನಲ್ಲಿರುವ ನಮ್ಮವರು ಊರಿಂದ ಅಪ್ಪ ಅಮ್ಮ ಬಂದರೆ ಸ್ಟೋನ್‌ಹೆಂಜ್ ತೋರಿಸದೆ ಬಿಡುವುದಿಲ್ಲ. ತೋರಿಸಿ. ಆದರೆ ಅದೇ ವಿಲ್ಟ್‌ಶೈರ್‌ನಲ್ಲಿ, ಅಲ್ಲಿಂದ ಕಾರಲ್ಲಿ ಮುಕ್ಕಾಲು ಗಂಟೆ ದೂರದಲ್ಲಿ ಏವ್‌ಬರಿ ಅನ್ನೋ ಹಳ್ಳಿ ಇದೆ, ಅದನ್ನು ಬಿಡಬೇಡಿ. ಸಾವಿರಾರು ವರ್ಷ ಹಿಂದೆ ದೊಡ್ಡ ಕಲ್ಲುಗಳನ್ನು ಸುತ್ತಲೂ ನಿಲ್ಲಿಸಿ ಮಾಡಿದ ಇಲ್ಲಿನ ವೃತ್ತ ಎಷ್ಟು ದೊಡ್ಡದು ಅಂದರೆ ಅದರೊಳಗೇ ಮನೆಗಳಿವೆ, ರಸ್ತೆ ಹಾದುಹೋಗುತ್ತದೆ, ನಡುಮಧ್ಯೆ ರೆಡ್ ಲಯನ್ ಅನ್ನೋ ಪಬ್ ಇದೆ. ವೃತ್ತ ನೋಡಲು ಟಿಕೆಟ್ ಇಲ್ಲ, ಹಗ್ಗ ಕಟ್ಟಿಲ್ಲ, ಕಲ್ಲು ಮುಟ್ಟಿ ನೋಡಬಹುದು.

ಪಬ್ ಅಂದ ಕೂಡಲೇ ಹಿರಿಯರು ಹಿಂಜರಿಯುತ್ತಾರೆ. ನಮ್ಮ ಮನೆಯಲ್ಲೂ ಹಾಗೇ ಆಯಿತು. ಬೆಂಗಳೂರಿನ ಪಬ್‌ಗೂ ಇದಕ್ಕೂ ಸಂಬಂಧವೇ ಇಲ್ಲ ಅಂತ ಮೊದಲೇ ಹೇಳಿಬಿಡಿ. ಮಕ್ಕಳು, ಅಜ್ಜ ಅಜ್ಜಿ, ನಾಯಿ ಎಲ್ಲರೂ ಬಂದು ಕೂರುವ ಜಾಗ ಇದು. ಬರೀ ಟೀ ಕೇಳಿದರೂ ಯಾರೂ ಏನೂ ಅಂದುಕೊಳ್ಳಲ್ಲ. ಮೇಜಿನ ಹತ್ತಿರ ಯಾರಾದರೂ ಬಂದು ಕೇಳಲಿ ಅಂತ ಕಾಯಬೇಡಿ. ಮೇಜಿನ ನಂಬರ್ ನೋಡಿಕೊಂಡು ನೀವೇ ಕೌಂಟರ್‌ಗೆ ಹೋಗಿ ಹೇಳಿ, ಅಲ್ಲೇ ದುಡ್ಡು ಕೊಡಬೇಕು. ಸಸ್ಯಾಹಾರಿಗಳಿಗೆ ಏನಾದರೂ ಸಿಗುತ್ತದೆ, ಆದರೆ ಅಡುಗೆಮನೆ ಎಷ್ಟು ಹೊತ್ತಿನವರೆಗೆ ಅಂತ ಅವತ್ತೇ ವಿಚಾರಿಸಿಕೊಳ್ಳಿ.

ಒಳಗೆ ನುಗ್ಗುವ ಮುಂಚೆ ಹೊರಗೆ ಸ್ವಲ್ಪ ನಿಲ್ಲಿ. ಬಿಳಿ ಗೋಡೆ, ಕಪ್ಪು ಮರದ ಪಟ್ಟಿ, ಮೇಲೆ ದಪ್ಪ ಹುಲ್ಲಿನ ಮಾಡು. ಹೊರಗಿನ ಬೋರ್ಡಿನಲ್ಲಿ ಕೆಂಪು ಸಿಂಹ. ಪಬ್‌ಗೆ ಚಿತ್ರ ಯಾಕೆ ಬೇಕು ಅಂದರೆ, ಹಿಂದಿನ ಕಾಲದಲ್ಲಿ ಓದು ಬರುವವರು ಕಡಿಮೆ, ದಾರಿಹೋಕರಿಗೆ ಗುರುತು ಸಿಗಬೇಕಲ್ವಾ? 1393ರಲ್ಲಿ, ದೊರೆ ಎರಡನೇ ರಿಚರ್ಡ್ ಕಾಲದಲ್ಲಿ, ಏಲ್ ಅನ್ನೋ ಬಿಯರ್ ಮಾರುವವರು ಬಾಗಿಲಲ್ಲಿ ಗುರುತು ಹಾಕಲೇಬೇಕು ಅಂತ ಕಾನೂನೂ ಬಂತು. ಕೆಂಪು ಸಿಂಹ ಎಲ್ಲಿಂದ ಬಂತು ಅನ್ನೋದಕ್ಕೆ ಎರಡು ಮಾತಿದೆ. ಆ ರಿಚರ್ಡ್‌ನ ಚಿಕ್ಕಪ್ಪ ಜಾನ್ ಆಫ್ ಗಾಂಟ್‌ನ ಲಾಂಛನ ಅಂತ ಕೆಲವರು, 1603ರಲ್ಲಿ ಇಂಗ್ಲೆಂಡಿನ ಸಿಂಹಾಸನ ಏರಿದ ಸ್ಕಾಟ್ಲೆಂಡಿನ ದೊರೆ ಜೇಮ್ಸ್‌ನದು ಅಂತ ಇನ್ನು ಕೆಲವರು. ಈ ದೇಶದಲ್ಲಿ ಈ ಹೆಸರಿನ ಪಬ್ ಲೆಕ್ಕವಿಲ್ಲದಷ್ಟಿವೆ, ಹಾಗಾಗಿ ಫೋನಿನ ಮ್ಯಾಪ್‌ನಲ್ಲಿ ಸುಮ್ನೆ ರೆಡ್ ಲಯನ್ ಅಂತ ಹಾಕಬೇಡಿ, ಏವ್‌ಬರಿ ಸೇರಿಸಿ.

ಒಳಗೆ ಒಂದು ಹಳೆ ಬಾವಿ ಇದೆ. ಮೇಲೆ ಗಾಜು ಹಾಕಿ ಮೇಜು ಮಾಡಿದ್ದಾರೆ. ಯುದ್ಧದಿಂದ ವಾಪಸ್ ಬಂದ ಗಂಡ ಫ್ಲೋರಿ ಅನ್ನೋ ಹೆಂಡತಿಯನ್ನು ಕೊಂದು ಇದಕ್ಕೇ ಹಾಕಿದ ಅಂತ ಇಲ್ಲಿ ಕಥೆ ಹೇಳುತ್ತಾರೆ.

ನನಗೆ ಆ ಕಥೆಗಿಂತ ಮನಸ್ಸಿಗೆ ನಾಟಿದ್ದು ಊರಿನ ಗೋಡೆಗಳು. ನಾಲ್ಕು ಸಾವಿರ ವರ್ಷಕ್ಕೂ ಹಳೆಯ ಈ ಕಲ್ಲುಗಳನ್ನು 17 ಮತ್ತು 18ನೇ ಶತಮಾನದಲ್ಲಿ ಊರವರೇ ಒಡೆದರು. ಗುಂಡಿ ತೋಡಿ, ಕಲ್ಲು ಬೀಳಿಸಿ, ಕೆಳಗೆ ಹುಲ್ಲು ಸುಟ್ಟು ಕಾಯಿಸಿ, ಮೇಲೆ ತಣ್ಣೀರಿನ ಗೆರೆ ಎಳೆದು ಸುತ್ತಿಗೆಯಲ್ಲಿ ಹೊಡೆದರೆ ಕಲ್ಲು ಗೆರೆಯ ಉದ್ದಕ್ಕೇ ಸೀಳುತ್ತಿತ್ತು. ಆ ತುಂಡುಗಳೇ ಮನೆ ಗೋಡೆಗೆ ಹೋದವು. ಹಳ್ಳಿಯಲ್ಲಿ ನಡೆಯುವಾಗ ಗೋಡೆಗಳ ಬೂದು ಕಲ್ಲನ್ನು ಹತ್ತಿರದಿಂದ ನೋಡಿ, ಆಮೇಲೆ ಹೊಲದಲ್ಲಿ ನಿಂತ ಕಲ್ಲು ನೋಡಿ. ಈಗ ನಿಂತಿರುವುದರಲ್ಲಿ ಎಷ್ಟೋ ಕಲ್ಲುಗಳನ್ನು ಪುರಾತತ್ವಜ್ಞ ಅಲೆಕ್ಸಾಂಡರ್ ಕೀಲರ್ 1930ರ ದಶಕದಲ್ಲಿ ಮತ್ತೆ ಎತ್ತಿ ನಿಲ್ಲಿಸಿದ್ದು. 1938ರಲ್ಲಿ ಒಂದು ಕಲ್ಲಿನ ಹತ್ತಿರ ಅಗೆದಾಗ 14ನೇ ಶತಮಾನದ ಒಬ್ಬನ ಅಸ್ಥಿಪಂಜರವೇ ಸಿಕ್ಕಿತು, ಜೊತೆಗೆ ಅವನ ಕತ್ತರಿ ಮತ್ತು ನಾಣ್ಯಗಳು.

ಲಂಡನ್ನಿನಿಂದ ಬರುವವರು ಪ್ಯಾಡಿಂಗ್ಟನ್‌ನಲ್ಲಿ ರೈಲು ಹತ್ತಿ ಸ್ವಿಂಡನ್‌ನಲ್ಲಿ ಇಳಿಯಿರಿ, ಹೆಚ್ಚುಕಡಿಮೆ ಒಂದು ಗಂಟೆ. ಅಲ್ಲಿಂದ 49ನೇ ನಂಬರ್ ಬಸ್. ವಾಪಸ್ ಬಸ್ಸಿನ ಟೈಮ್ ಮೊದಲೇ ನೋಡಿಡಿ, ಭಾನುವಾರವಂತೂ ಮರೆಯಬೇಡಿ. ಕಾರಾದರೆ ನ್ಯಾಷನಲ್ ಟ್ರಸ್ಟ್ ಪಾರ್ಕಿಂಗ್ ಇದೆ, ದುಡ್ಡು ಕೊಡಬೇಕು. ಹೊಲದಲ್ಲಿ ಕುರಿ ಮೇಯುತ್ತವೆ, ಮಳೆ ಬಂದರೆ ಕೆಸರು ಜಾಸ್ತಿ, ಅಮ್ಮನಿಗೂ ಶೂ ಹಾಕಿಸಿ. ವರ್ಷದ ಅತಿ ದೊಡ್ಡ ಹಗಲು ಅಂತ ಜೂನ್ 21ರ ಆಸುಪಾಸು ಜನಜಂಗುಳಿ ಇರುತ್ತದೆ, ಹಿರಿಯರ ಜೊತೆ ಆ ದಿನ ಬೇಡ.