ನೋವಿನ ಜಾಗ, ನೋವಿನ ಮೂಲ

ಬಾಗಲಕೋಟೆಯ ನಮ್ಮ ಕಾಲೇಜಿನಲ್ಲಿ ಪಿಯುಸಿ ಓದುವಾಗ ನಾನು ಆಸ್ಟಿಯೋಪಥಿ (ಮೂಳೆ, ಕೀಲು, ಸ್ನಾಯುಗಳನ್ನು ಕೈಯಿಂದಲೇ ಪರೀಕ್ಷಿಸಿ ಚಿಕಿತ್ಸೆ ಕೊಡುವ ಪದ್ಧತಿ) ಎಂಬ ಹೆಸರನ್ನೇ ಕೇಳಿರಲಿಲ್ಲ. ಆ ದಾರಿಗೆ ನನ್ನನ್ನು ಹಚ್ಚಿದ ಜೀವಶಾಸ್ತ್ರದ ಗುರುಗಳೂ ಆ ಹೆಸರನ್ನು ಎಂದೂ ಎತ್ತಲಿಲ್ಲ.

ನಾನು ಗುಳೇದಗುಡ್ಡದ ನೇಕಾರರ ಮನೆಯ ಮಗಳು. ಖಣ ನೇಯುವ ಅಪ್ಪ ಕುಣಿಮಗ್ಗದಲ್ಲಿ ಕಾಲು ಇಳಿಬಿಟ್ಟು ಹೊತ್ತು ಮುಳುಗುವತನಕ ಕೂರುತ್ತಿದ್ದರು. ಸೊಂಟ ಹಿಡಿದಾಗ ಅವ್ವ ಎಣ್ಣೆ ಕಾಯಿಸಿ ತಿಕ್ಕುತ್ತಿದ್ದಳು. ನಾಲ್ಕು ದಿನ ಹಗುರ, ಮತ್ತೆ ಅದೇ ಪಾಡು. ಗುರುಗಳಿಗೆ ಇದನ್ನು ಹೇಳಿಕೊಂಡಾಗ ಅವರು ನನ್ನನ್ನು ಪ್ರಯೋಗಾಲಯದ ಅಸ್ಥಿಪಂಜರದ ಮುಂದೆ ನಿಲ್ಲಿಸಿದರು. ಸೊಂಟದ ಕಶೇರುಗಳಿಂದ (ಬೆನ್ನೆಲುಬಿನ ಮಣಿಗಳಿಂದ) ಹೊರಟು ತೊಡೆಮೂಳೆಯ ಒಳಬದಿಗೆ ಸೇರುವ ಸೋವಾಸ್ ಸ್ನಾಯುವಿನ ಜಾಡನ್ನು ಬೆರಳಿನಲ್ಲಿ ಎಳೆದು ತೋರಿಸಿದರು. ಎದೆ ಹೊಟ್ಟೆಗಳ ನಡುವೆ ಇದ್ದು ಉಸಿರಾಡಿಸುವ ಸ್ನಾಯುಪೊರೆ, ವಪೆಯ ಬುಡವೂ ಅದೇ ಕಶೇರುಗಳಿಗೆ ಅಂಟಿಕೊಂಡಿದೆ ಎಂದರು. "ನಿಮ್ಮ ತಂದೆ ಯಾವ ಕಡೆ ವಾಲಿ ಕೂರುತ್ತಾರೆ? ಮಗ್ಗದ ಹಗ್ಗ ಎಳೆಯುವಾಗ ಉಸಿರು ಬಿಗಿಹಿಡಿಯುತ್ತಾರೆಯೇ? ನೋಡಿಕೊಂಡು ಬಾರಮ್ಮಾ."

ನೋಡಿದೆ. ಎಡಕ್ಕೆ ವಾಲುತ್ತಿದ್ದರು, ಉಸಿರನ್ನೂ ಬಿಗಿಹಿಡಿಯುತ್ತಿದ್ದರು. ಬಟ್ಟೆಯ ಅಂಚು ಸೊಟ್ಟಗಾದರೆ ಅಪ್ಪ ಅಂಚನ್ನು ಜಗ್ಗುತ್ತಿರಲಿಲ್ಲ, ಹಾಸಿನ (ಉದ್ದದ ಎಳೆಗಳ) ಬಿಗುವು ಎಲ್ಲಿ ತಪ್ಪಿದೆ ಎಂದು ಹುಡುಕುತ್ತಿದ್ದರು. ಅವರ ಮೈಗೂ ಅದೇ ನ್ಯಾಯ ಎಂದು ಆಗ ಹೊಳೆಯಿತು. ಕೂರುವ ಜಾಗಕ್ಕೆ ಗೋಣಿಚೀಲ ಮಡಚಿ ಹಾಕಿ ಎತ್ತರಿಸಿದೆವು, ನಡುನಡುವೆ ಎಬ್ಬಿಸಿ ಓಡಾಡಿಸಿದೆವು. ನೋವು ಪೂರ್ತಿ ಹೋಗಲಿಲ್ಲ. ಸೊಂಟ ಹಿಡಿದು ಮಗ್ಗ ನಿಲ್ಲುವುದು ಮಾತ್ರ ತಪ್ಪಿತು.

ಬೆಳಗಾವಿಯಲ್ಲಿ ಫಿಜಿಯೋಥೆರಪಿ ಓದುವಾಗ ಆಂಡ್ರ್ಯೂ ಟೇಲರ್ ಸ್ಟಿಲ್ ಅವರ ವಿಷಯ ತಿಳಿಯಿತು. ಅಮೆರಿಕದ ಈ ವೈದ್ಯ 1864ರಲ್ಲಿ ಮೂವರು ಮಕ್ಕಳನ್ನು ಮೆದುಳಿನ ಪೊರೆಯ ಉರಿಯೂತದಿಂದ ಕಳೆದುಕೊಂಡರು. ಅಂದಿನ ಔಷಧಗಳ ಮೇಲೆ ಅವರಿಗೆ ನಂಬಿಕೆ ಹೋಯಿತು. ದೇಹ ಇಡಿಯಾಗಿ ಒಂದೇ, ಅದರ ರಚನೆಗೂ ಕೆಲಸಕ್ಕೂ ನಂಟಿದೆ, ವಾಸಿಯಾಗುವ ಶಕ್ತಿ ಅದರೊಳಗೇ ಇದೆ ಎಂಬ ವಿಚಾರವನ್ನು ಬೆಳೆಸಿ, 1892ರಲ್ಲಿ ಮಿಸೌರಿಯ ಕರ್ಕ್ಸ್‌ವಿಲ್‌ನಲ್ಲಿ ಆಸ್ಟಿಯೋಪಥಿಯ ಶಾಲೆ ತೆರೆದರು. ಔಷಧಗಳ ಬಗೆಗಿನ ಅವರ ಹಟವನ್ನು ನಾನು ಒಪ್ಪುವುದಿಲ್ಲ. ಅವರು ಪ್ರತಿಜೀವಕಗಳಿಲ್ಲದ ಕಾಲದವರು. ಮೂಲ ನೋಟ ಮಾತ್ರ ನನ್ನನ್ನು ಬಿಡಲಿಲ್ಲ. ಬ್ರಿಟನ್ನಿಗೆ ಹೋಗಿ ಅದನ್ನೇ ಓದಿ ಬಂದೆ.

ಈಗ ಬೆಳಗಾವಿಯ ನನ್ನ ಚಿಕಿತ್ಸಾಲಯಕ್ಕೆ ಬರುವ ಹಲವರು ಮೊದಲಿಗೆ ಕೇಳುವುದು, "ಲಟಿಕೆ ತೆಗೆದು ಮೂಳೆ ಕೂರಿಸಿ" ಎಂದು. ಆ ಸದ್ದು ಮೂಳೆ ಜಾಗಕ್ಕೆ ಬಂದದ್ದಲ್ಲ, ಕೀಲಿನ ದ್ರವದಲ್ಲಿನ ಅನಿಲದ ಆಟ ಎಂದು ತಿಳಿಸಿ ಹೇಳುತ್ತೇನೆ. ನಿದ್ದೆ, ಕೆಲಸ, ಹೆರಿಗೆ, ಹಳೆಯ ಪೆಟ್ಟು ಎಲ್ಲವನ್ನೂ ವಿಚಾರಿಸಿ, ನಡೆಸಿ, ಬಾಗಿಸಿ ನೋಡಿದ ಮೇಲೆಯೇ ಮೈಮುಟ್ಟುತ್ತೇನೆ. ಸೊಂಟನೋವಿನ ಜೊತೆಗೆ ಜ್ವರವಿದ್ದರೆ, ತೂಕ ಇಳಿದಿದ್ದರೆ, ಮೂತ್ರದ ಹಿಡಿತ ತಪ್ಪಿದ್ದರೆ ಕೈ ಹಚ್ಚದೆ ಆಸ್ಪತ್ರೆಗೆ ಕಳಿಸುತ್ತೇನೆ. ಇಡೀ ದೇಹವನ್ನು ನೋಡುವುದೆಂದರೆ ಎಲ್ಲ ಕಾಯಿಲೆಯನ್ನೂ ಗುಣಪಡಿಸುತ್ತೇನೆ ಎನ್ನುವುದಲ್ಲ. ಹಾಗೆ ಹೇಳಿಕೊಳ್ಳುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ಈ ದಾರಿಗೆ ಬರಬಯಸುವ ತಮ್ಮ ತಂಗಿಯರಿಗೆ ಒಂದು ಮಾತು. ಅಮೆರಿಕದಲ್ಲಿ ಇದನ್ನು ಓದಿದವರು ಔಷಧ ಬರೆಯುವ, ಶಸ್ತ್ರಚಿಕಿತ್ಸೆ ಮಾಡುವ ಪೂರ್ಣ ವೈದ್ಯರು. ಬ್ರಿಟನ್ನಿನಲ್ಲಿ 1993ರ ಕಾಯ್ದೆಯಡಿ ನೋಂದಾಯಿಸಿಕೊಂಡ ಪ್ರತ್ಯೇಕ ವೃತ್ತಿಯವರು. ನಮ್ಮಲ್ಲಿ ಇದಕ್ಕೆಂದೇ ಬೇರೆ ಮಂಡಳಿಯಿಲ್ಲ. ಆದ್ದರಿಂದ ಮೊದಲು ಫಿಜಿಯೋಥೆರಪಿ ಪದವಿಯನ್ನು ಗಟ್ಟಿ ಮಾಡಿಕೊಳ್ಳಿ, ವಾರಾಂತ್ಯದ ಶಿಬಿರದ ಪ್ರಮಾಣಪತ್ರ ನೆಚ್ಚಿ ರೋಗಿಯ ಕುತ್ತಿಗೆಗೆ ಕೈ ಹಾಕಬೇಡಿ. ರಜೆಯಲ್ಲಿ ಬೆಳಗಾವಿಗೆ ಬಂದರೆ, ರೋಗಿಗಳು ಒಪ್ಪಿದರೆ, ನನ್ನ ಪಕ್ಕದಲ್ಲಿ ಕುಳಿತು ನೋಡಬಹುದು. ಅಪ್ಪ ಅಮ್ಮನನ್ನೂ ಕರೆತನ್ನಿ, ಅವರಿಗೂ ಕೇಳುವುದು ಬಹಳ ಇರುತ್ತದೆ.