ಬೀಡುಬಿಡು: ಎಲ್ಲಿ ಹೊಂದುತ್ತದೆ, ಎಲ್ಲಿ ಇಲ್ಲ

ಕೆಡು–ಕೇಡು, ಪಡು–ಪಾಡು ಇದ್ದ ಹಾಗೆ ಬಿಡು–ಬೀಡು. ಕ್ರಿಯಾಪದದ ಮೊದಲ ಸ್ವರ ದೀರ್ಘವಾಗಿ ನಾಮಪದವಾಗಿದೆ. ಅದಕ್ಕೇ ಮತ್ತೆ ‘ಬಿಡು’ ಸೇರಿದಾಗ ಗುಂಪಾಗಿ ಬಂದು ತಾತ್ಕಾಲಿಕವಾಗಿ ನೆಲೆ ನಿಲ್ಲುವುದು ಎಂಬ ಅರ್ಥ. ಶಾಸನಗಳ ‘ನೆಲೆವೀಡು’ ಮಾತ್ರ ರಾಜಧಾನಿಯೇ. ಹಳೇಬೀಡಿನ ಬೀಡೂ ಅದೇ.

‘ಬೀಡುಬಿಟ್ಟರು’ ಎಂದರೆ ಬಂದು ನೆಲೆಸಿದ ಘಟನೆ. ‘ಬೀಡುಬಿಟ್ಟಿದ್ದಾರೆ’ ಎಂದರೆ ಇನ್ನೂ ಅಲ್ಲೇ ಇದ್ದಾರೆ. ಸಕಲೇಶಪುರದ ಕಡೆಯ ಸುದ್ದಿಗಳಲ್ಲಿ ‘ಕಾಫಿ ತೋಟದಲ್ಲಿ ಕಾಡಾನೆಗಳು ಬೀಡುಬಿಟ್ಟಿವೆ’ ಎಂದು ಬರೆಯುವುದು ಇದಕ್ಕೇ. ಸ್ಥಳಕ್ಕೆ ಸಪ್ತಮಿ ಬೇಕು: ‘ನದಿ ದಡದಲ್ಲಿ’. ‘ದಡವನ್ನು ಬೀಡುಬಿಟ್ಟರು’ ಎಂದರೆ ತಪ್ಪು.

ಒಂದೇ ಪದವಾಗಿ ಬರೆಯಿರಿ. ‘ಬೀಡು ಬಿಟ್ಟು ಹೊರಟರು’ ಎಂದು ಬಿಡಿಸಿದರೆ ಬೀಡನ್ನೇ ತೊರೆದರು ಎಂಬ ತದ್ವಿರುದ್ಧ ಅರ್ಥ ಬರುತ್ತದೆ. ತುಳುನಾಡಿನ ಓದುಗರಿಗಂತೂ ಬೀಡು ಎಂದರೆ ಅರಸು ಮನೆತನದ ದೊಡ್ಡ ಮನೆ. ಗೊಂದಲ ಇನ್ನೂ ಹೆಚ್ಚು.

ಒಬ್ಬರು ಲಾಡ್ಜಿನಲ್ಲಿ ಒಂದು ರಾತ್ರಿ ಇದ್ದರೆ ‘ತಂಗಿದರು’ ಸಾಕು. ಗೂಟ ಹೊಡೆದು, ಹಗ್ಗ ಬಿಗಿದು ಬಟ್ಟೆಯ ಮನೆ ಕಟ್ಟುವ ಕೆಲಸಕ್ಕೆ ‘ಡೇರೆ ಹಾಕು’. ಸಂಸಾರ ಸಮೇತ, ಪಾತ್ರೆ ಪಗಡಿ ಸಮೇತ ಇಳಿದರೆ ‘ಬಿಡಾರ ಹೂಡು’ ಚೆನ್ನ. ‘ಠಿಕಾಣಿ ಹೂಡು’ವಿನಲ್ಲಿ ಬರೆಯುವವರ ಅಸಮಾಧಾನವೂ ಸೇರಿಕೊಳ್ಳುತ್ತದೆ: ‘ಶಾಸಕರು ರೆಸಾರ್ಟಿನಲ್ಲಿ ಠಿಕಾಣಿ ಹೂಡಿದ್ದಾರೆ’. ‘ಝಂಡಾ ಊರು’ ಇನ್ನೂ ಒರಟು, ಎಬ್ಬಿಸಿದರೂ ಏಳದವರಿಗೆ. ಗಂಭೀರ ವರದಿಗೆ ಇದು ಬೇಡ. ಹರಟೆಗೆ ಧಾರಾಳವಾಗಿ ಬಳಸಿ.