ನಿಮ್ಮೂರಿನದು ಯಾವಾಗ ಮುಚ್ತಾರೆ?

ಕಳೆದ ಶನಿವಾರ ಪಕ್ಕದ ಮನೆಯವರ ಮೊಮ್ಮಗಳು ಬೇಲಿಯಾಚೆಯಿಂದ ಕೇಳಿದಳು, ‘ನಿಮ್ಮೂರಿನ ರಿಫೈನರಿ ಯಾವಾಗ ಮುಚ್ತಾರೆ?’

ಒಂಬತ್ತು ವರ್ಷದ ಹುಡುಗಿ. ಅಜ್ಜನ ಹಳೇ ಬುತ್ತಿ ಡಬ್ಬಕ್ಕೆ ಬಸವನಹುಳು ತುಂಬಿಸುತ್ತಿದ್ದಳು. ಡಬ್ಬದ ಒಂದು ಮೂಲೆ ಜಜ್ಜಿಹೋಗಿದೆ, ಮುಚ್ಚಳ ನಿಲ್ಲಬೇಕಾದರೆ ರಬ್ಬರ್ ಬ್ಯಾಂಡ್ ಬೇಕು. ಮೂವತ್ತು ಚಿಲ್ಲರೆ ವರ್ಷ ಇಲ್ಲಿನ, ಅಂದರೆ ಸ್ಕಾಟ್ಲೆಂಡಿನ ಗ್ರೇಂಜ್‌ಮೌತ್ ತೈಲ ರಿಫೈನರಿಯ ಗೇಟು ದಾಟಿ ಹೋಗಿ ಬಂದ ಡಬ್ಬ ಅದು. ಸುರತ್ಕಲ್ಲಿನಲ್ಲಿ, ಸಮುದ್ರದ ಹತ್ತಿರ, ನಮಗೂ ಒಂದಿದೆ ಅಂತ ಹಿಂದಿನ ವಾರ ನಾನೇ ಜಂಬ ಕೊಚ್ಚಿಕೊಂಡಿದ್ದೆ. ಅವಳ ಪ್ರಶ್ನೆಯಲ್ಲಿ ಕುಹಕ ಇರಲಿಲ್ಲ. ರಿಫೈನರಿ ಅಂದಮೇಲೆ ಮುಚ್ಚಲೇಬೇಕು, ಅಷ್ಟೇ.

‘ಅದನ್ಯಾಕೆ ಮುಚ್ತಾರೆ?’ ಅಂದೆ.

‘ಶುರುವಾಗಿದ್ದು ಯಾವಾಗ?’

‘1996.’

ಬೆರಳು ಮಡಚಿದಳು. ‘ನಮ್ಮದು 1924ರಿಂದ 2025. ನೂರಾ ಒಂದು ವರ್ಷ. ಹಾಗಾದ್ರೆ ನಿಮ್ಮದು 2097. ಅಷ್ಟೊತ್ತಿಗೆ ನೀವು ಸತ್ತುಹೋಗಿರ್ತೀರಿ.’

ಲೆಕ್ಕದಲ್ಲಿ ತಪ್ಪಿಲ್ಲ. ಸುಮ್ನೆ ನಕ್ಕೆ. ಆಮೇಲೆ ಪಾತ್ರೆ ತೊಳೆಯುವಾಗಲೂ 2097 ತಲೆಯಿಂದ ಹೋಗಲಿಲ್ಲ.

ಸ್ಕಾಟ್ಲೆಂಡಿಗೆ ಕೊನೆಗೆ ಉಳಿದಿದ್ದದ್ದು ಇದೊಂದೇ ರಿಫೈನರಿ. ಹತ್ತಿರದ ವೆಸ್ಟ್ ಲೋಥಿಯನ್‌ನಲ್ಲಿ ಅದಕ್ಕೂ ಮುಂಚಿನಿಂದ ಕಲ್ಲು ಕಾಯಿಸಿ ಎಣ್ಣೆ ತೆಗೆಯುತ್ತಿದ್ದರು. ಕಸುಬು ಗೊತ್ತಿದ್ದ ಜನ, ಸಮತಟ್ಟು ಜಾಗ, ಫೋರ್ತ್ ಅಳಿವೆಯ ಬಂದರು ಎಲ್ಲ ಒಟ್ಟಿಗೆ ಸಿಕ್ಕಿದ್ದರಿಂದ ಇಲ್ಲಿ ಕಟ್ಟಿದರು. ಆಮೇಲೆ ಹಡಗುಗಳು ದೊಡ್ಡದಾದವು, ಅಳಿವೆಯ ಆಳ ಸಾಲದಾಯಿತು. ಅದಕ್ಕೂ ಉಪಾಯ ಹುಡುಕಿದರು. ಪಶ್ಚಿಮ ಕರಾವಳಿಯ ಫಿನ್ನಾರ್ಟ್‌ನಲ್ಲಿ ಕಚ್ಚಾ ತೈಲ ಇಳಿಸಿ, ಸುಮಾರು 90 ಕಿ.ಮೀ. ಪೈಪಿನಲ್ಲಿ ತಂದರು. 1975ರಿಂದ ಉತ್ತರ ಸಮುದ್ರದ ಫಾರ್ಟೀಸ್ ತೈಲವೂ ಈ ಕಡೆ ಹರಿಯಿತು. ಇಷ್ಟೆಲ್ಲ ಆದದ್ದು 2025ರ ಏಪ್ರಿಲ್ 29ಕ್ಕೆ ನಿಂತಿತು. ಸುಮಾರು 400 ಕೆಲಸ ಹೋಯಿತು. ಈಗ ಬೇರೆಡೆ ತಯಾರಾದ ಇಂಧನ ಇಳಿಸಿಕೊಳ್ಳುವ ಜಾಗ ಅದು. ಪಕ್ಕದ ರಾಸಾಯನಿಕ ಘಟಕ ಇನ್ನೂ ಇರುವುದರಿಂದ ಒಮ್ಮೊಮ್ಮೆ ಕೊಳವೆಯ ತುದಿಯಲ್ಲಿ ಅನಿಲ ಉರಿಯುವ ಬೆಂಕಿ ಕಾಣಿಸುತ್ತದೆ. ಹೊಸಬರು ನೋಡಿದರೆ ಏನೂ ಆಗಿಲ್ಲ ಅಂದುಕೊಳ್ಳಬೇಕು.

ಏಷ್ಯಾ, ಮಧ್ಯಪ್ರಾಚ್ಯ, ಆಫ್ರಿಕಾದ ಹೊಸ ದೊಡ್ಡ ರಿಫೈನರಿಗಳ ಜೊತೆ ಪೈಪೋಟಿ ಆಗೋದಿಲ್ಲ ಅಂತ ಕಂಪನಿ ಹೇಳಿತ್ತು. ಏಷ್ಯಾ ಅಂದಾಗ ನನಗೆ ಕಾಣುವುದು ಸುರತ್ಕಲ್ಲಿನ ನಮ್ಮ ರಿಫೈನರಿ, ಎಂಆರ್‌ಪಿಎಲ್. ವರ್ಷಕ್ಕೆ ಒಂದೂವರೆ ಕೋಟಿ ಟನ್ ಶುದ್ಧೀಕರಿಸುವ ಶಕ್ತಿ ಅದಕ್ಕಿದೆ. ಇದನ್ನು ಪಕ್ಕದ ಮನೆಯ ಅಜ್ಜನ ಹತ್ತಿರ ನಾನು ಹೇಳಿಲ್ಲ. ಅವರು ಪೇಪರ್ ಓದುವವರು, ಗೊತ್ತಿರಲೂಬಹುದು. ಆದರೂ ಮೊನ್ನೆ ಬಂದು ನಮ್ಮ ಗಟಾರದ ಎಲೆ ತೆಗೆದುಕೊಟ್ಟು ಹೋದರು.

ಅವರ ಅಪ್ಪನೂ ಅಲ್ಲೇ ಕೆಲಸಕ್ಕಿದ್ದವರು. ‘ಒಳಗೆ ಸೇರಿಕೊಂಡ್ರೆ ಆಯ್ತು, ಜೀವನಪೂರ್ತಿ ನಿಶ್ಚಿಂತೆ’ ಅನ್ನುತ್ತಿದ್ದರಂತೆ. ಇದೇ ಮಾತಿಗೆ ನಮ್ಮ ಕಡೆ ‘ಪರ್ಮನೆಂಟ್’ ಅಂತ ಒಂದೇ ಶಬ್ದ ಸಾಕು. ಕರೆಂಟು ಹೋದ ರಾತ್ರಿ ಅಂಗಳದಲ್ಲಿ ಕೂತರೆ ದೂರದಲ್ಲಿ ರಿಫೈನರಿಯ ಕೆಂಪು ಬೆಳಕು ಆಡುತ್ತಿತ್ತು. ದೊಡ್ಡಪ್ಪ ಅದನ್ನು ತೋರಿಸಿ, ‘ಅಲ್ಲಿ ಪರ್ಮನೆಂಟ್ ಆದ ಹುಡುಗನಿಗೆ ಜಾತಕ ಬೇಡ’ ಅನ್ನುತ್ತಿದ್ದರು. ಬಾಡಿಗೆ ಮನೆ ಇದ್ದರೂ ನಡೆಯುತ್ತದೆ, ತಲೆಕೂದಲು ಕಮ್ಮಿ ಇದ್ದರೂ ನಡೆಯುತ್ತದೆ. ನಾನು ಡಿಪ್ಲೊಮಾ ಬಿಟ್ಟು ಸಾಫ್ಟ್‌ವೇರ್ ಕಡೆ ಹೋದಾಗ ಅವರು ಎರಡು ತಿಂಗಳು ನನ್ನ ಜೊತೆ ಸರಿಯಾಗಿ ಮಾತಾಡಿರಲಿಲ್ಲ.

ಭಾನುವಾರ ಅಕ್ಕ ಫೋನ್ ಮಾಡಿದ್ದಳು. ಮಗಳಿಗೆ ಒಂದು ಸಂಬಂಧ ಬಂದಿದೆಯಂತೆ.

‘ಹುಡುಗ ಒಳ್ಳೆಯವ. ರಿಫೈನರಿಯಲ್ಲಿ ಪರ್ಮನೆಂಟ್.’

‘2097ರವರೆಗಾ?’ ಅಂದುಬಿಟ್ಟೆ.

‘ಎಂತದ್ದು ಮಾರಾಯ?’ ಅಂದಳು ಅಕ್ಕ. ‘ಸರಿಯಾಗಿ ಕೇಳಿಸ್ತಾ ಇಲ್ಲ.’